ಕಡ್ಡಿ ಮುರಿದಂತೆ ಒಂದು ಸಂದರ್ಶನ

ಕೃಷ್ಣರಾಜನಗರ ಸೀಮೆಯ ಒಂದು ಪಶು ಆಸ್ಪತ್ರೆ. ಮೂಲೆಯಲ್ಲಿ ದ್ರವ ಸಾರಜನಕದ ಕ್ಯಾನು. ಮುಚ್ಚಳ ತೆಗೆದರೆ ಬಿಳಿ ಹೊಗೆ. ಒಳಗೆ ಮೈನಸ್ 196 ಡಿಗ್ರಿ ಚಳಿಯಲ್ಲಿ ಕೂತಿರುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹೋರಿಯ ವೀರ್ಯದ ಕಡ್ಡಿ ಮಾತಿಗೆ ಒಪ್ಪಿತು. ಷರತ್ತು ಒಂದೇ: ಹೊರಗೆ ತೆಗೆಯಬಾರದು. 37 ಡಿಗ್ರಿ ನೀರಿಗೆ ಬಿದ್ದ ಮೇಲೆ ಅದಕ್ಕೆ ಮಾತಾಡಲು ಪುರುಸೊತ್ತಿರುವುದಿಲ್ಲ.

ನಿಮ್ಮ ಮೇಲೆ ದೂರುಗಳಿವೆ.

ಇರದೆ ಏನು? ಇರೋದು ಕಾಲು ಮಿಲಿ ಲೀಟರ್, ಹೊರೋದು ಊರಿನ ದೂರೆಲ್ಲ. ಹೇಳಿ.

ಹಳ್ಳಿಕಾರ್ ಹಸುವಿಗೆ ಎಚ್‌ಎಫ್ ಸೂಜಿ ಹಾಕಿಸಿದರಂತೆ, ಕ್ಯಾಲೆಂಡರಿನ ಹಸುವಿನ ಹಾಗೆ ಕಪ್ಪುಬಿಳಿ ಕರು ಬರಲಿ ಅಂತ. ಹುಟ್ಟಿದ್ದು ಬರೀ ಕಪ್ಪು.

ಸರಿಯಾಗೇ ಹುಟ್ಟಿದೆ. ಒಂದೊಂದು ಗುಣಕ್ಕೂ ಕರುವಿಗೆ ಎರಡು ಚೀಟಿ: ತಾಯಿಯದೊಂದು, ನನ್ನದೊಂದು. ನನ್ನ ಕಪ್ಪು ಪ್ರಬಲ. ಒಂದೇ ಚೀಟಿ ಸಾಕು, ತಾಯಿಯ ಬೂದು ಮುಚ್ಚಿಹೋಗುತ್ತೆ. ಬಿಳಿ ಮಚ್ಚೆ ಹಾಗಲ್ಲ, ಎರಡೂ ಕಡೆಯಿಂದ ಬರಬೇಕು. ಅದಕ್ಕೇ ಮೊದಲ ತಲೆಮಾರು ಹೆಚ್ಚುಕಮ್ಮಿ ಪೂರಾ ಕಪ್ಪು, ಹೊಟ್ಟೆ ಕೆಳಗೆ ಒಂಚೂರು ಬಿಳಿ. ಆ ಕಡಸಿಗೆ ಮತ್ತೆ ಎಚ್‌ಎಫ್ ಹಾಕಿಸಿದರೆ ಸುಮಾರು ಅರ್ಧಕ್ಕೆ ಮಚ್ಚೆ ಬರುತ್ತೆ. ಸಂತೆಯಲ್ಲಿ ಮಚ್ಚೆ ನೋಡಿ ಹಾಲಿನ ಲೆಕ್ಕ ಹಾಕೋರಿಗೆ ಒಂದು ಮಾತು: ಹಾಲು ಬರೋದು ಕೆಚ್ಚಲಿಂದ.

ಇನ್ನೊಂದು ಮನೆಯಲ್ಲಿ ಕಪ್ಪುಬಿಳಿ ಹಸು, ಕಪ್ಪುಬಿಳಿ ಹೋರಿ. ಹುಟ್ಟಿದ್ದು ಕೆಂಪುಬಿಳಿ ಕರು. ಡಾಕ್ಟ್ರು ಕಡ್ಡಿ ಬದಲಾಯಿಸಿದ್ರು ಅಂತ ಪಂಚಾಯ್ತಿಯೇ ನಡೆಯಿತು.

ಪಾಪ, ಡಾಕ್ಟ್ರು! ಎಚ್‌ಎಫ್‌ನಲ್ಲಿ ಕೆಂಪು ಅನ್ನೋದು ಕಪ್ಪಿನ ಕೆಳಗೆ ಅಡಗಿ ಕೂತಿರುತ್ತೆ. ಹಸುವಿನ ಹತ್ತಿರ ಒಂದು ಕೆಂಪು ಚೀಟಿ, ನನ್ನ ಹತ್ತಿರ ಒಂದು ಅಂತ ಇಟ್ಟುಕೊಳ್ಳಿ. ಎರಡೂ ಕೂಡಿದರೆ ಕರು ಕೆಂಪು; ಆ ಸಂಭವ ನಾಲ್ಕರಲ್ಲಿ ಒಂದು. 1866ರಲ್ಲಿ ಮೆಂಡಲ್ ಅನ್ನೋ ಮಠದ ಸನ್ಯಾಸಿ ಬಟಾಣಿ ಎಣಿಸಿ ಅಚ್ಚು ಹಾಕಿಸಿದ ಲೆಕ್ಕ ಇದು.

ಹಾಗಾದರೆ ಮೂರು ಸೂಲು ಕಪ್ಪು ಬಂದಿದ್ದರೆ ನಾಲ್ಕನೆಯದು ಕೆಂಪು ಗ್ಯಾರಂಟಿ?

ನೋಡಿ, ಇಲ್ಲೇ ನೀವು ಎಡವೋದು! ಹಿಂದಿನ ಸೂಲಲ್ಲಿ ಏನು ಹುಟ್ಟಿತು ಅಂತ ಚೀಟಿಗೆ ನೆನಪಿರಲ್ಲ. ಪ್ರತಿ ಸಲವೂ ಹೊಸದಾಗಿ ನಾಲ್ಕರಲ್ಲೊಂದು. ನಾಲ್ಕು ಸೂಲಲ್ಲೂ ಒಂದೂ ಕೆಂಪು ಬಾರದೇ ಇರುವ ಸಾಧ್ಯತೆ ನೂರಕ್ಕೆ ಸುಮಾರು 32. ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತಿನ ಸುಳಿ ನೋಡಿ ಮನೆತನದ ಭವಿಷ್ಯವನ್ನೇ ಹೇಳ್ತೀರಿ. ನಾನು ಇಷ್ಟು ಹೇಳಿದರೆ ‘ಬರೀ ಸಾಧ್ಯತೆಯಾ?’ ಅಂತ ಮೂಗು ಮುರೀತೀರಿ.

ಕಪ್ಪು ಯಾವಾಗಲೂ ಪ್ರಬಲವೇ?

ನಿಮ್ಮ ಜಿಲ್ಲೆಯ ಎಚ್.ಡಿ. ಕೋಟೆಯನ್ನೇ ಕೇಳಿ. ಕಬಿನಿ ಹಿನ್ನೀರಿನ ಕರಿಚಿರತೆ ನೋಡೋಕೆ ಮಾರುದ್ದದ ಲೆನ್ಸು ಹೊತ್ತು ಜನ ಸಫಾರಿ ಜೀಪು ಹತ್ತುತ್ತಾರೆ. ಅಲ್ಲಿ ಎಲ್ಲಾ ತಿರುಗಾಮುರುಗಾ. ಚಿರತೆಯಲ್ಲಿ ಕಪ್ಪೇ ಅಡಗುವ ಗುಣ, ಅಪ್ಪ ಅಮ್ಮ ಇಬ್ಬರೂ ಕೊಡಬೇಕು. ಎರಡು ಚುಕ್ಕೆ ಚಿರತೆಗಳಿಗೆ ಕರಿಮರಿ ಹುಟ್ಟಬಹುದು. ಅಲ್ಲಿ ಯಾವ ಚಿರತೆಯೂ ಡಾಕ್ಟ್ರ ಹತ್ತಿರ ಜಗಳಕ್ಕೆ ಹೋಗಲ್ಲ. ಇನ್ನು ದಕ್ಷಿಣ ಅಮೆರಿಕದ ಜಾಗ್ವಾರ್‌ಗೆ ಮತ್ತೆ ಕಪ್ಪೇ ಪ್ರಬಲ. ಪ್ರಾಣಿ ಯಾವುದು ಅಂತ ಕೇಳದೆ ಬಣ್ಣದ ಭವಿಷ್ಯ ಹೇಳಬೇಡಿ.

ಕೊನೆಗೆ, ಗಂಡು ಕರು ಹುಟ್ಟಿದರೆ?

ಅದು ಮಾತ್ರ ನನ್ನದೇ ತಪ್ಪು, ಒಪ್ಪಿದೆ. ಗಂಡೋ ಹೆಣ್ಣೋ ತೀರ್ಮಾನ ಆಗೋದು ಹೋರಿ ಕಡೆಯಿಂದ. ಲಿಂಗ ವಿಂಗಡಿಸಿದ ಕಡ್ಡಿ ತಂದರೆ ನೂರಕ್ಕೆ ಸುಮಾರು 90 ಹೆಣ್ಣು. ಆದರೆ ನಿಮ್ಮ ನ್ಯಾಯ ನೋಡಿ: ಕೊಟ್ಟಿಗೆಯಲ್ಲಿ ಗಂಡು ಹುಟ್ಟಿದರೆ ಬೈಗುಳ ಕಡ್ಡಿಗೆ, ನಡುಮನೆಯಲ್ಲಿ ಹೆಣ್ಣು ಹುಟ್ಟಿದರೆ ಬೈಗುಳ ಸೊಸೆಗೆ. ಕೊಟ್ಟಿಗೆಯಲ್ಲಾದರೂ ಸರಿಯಾದವರಿಗೆ ಬೈತೀರಿ.

ರೈತರಿಗೆ ಏನಾದರೂ ಹೇಳೋದಿದೆಯಾ?

ಬಣ್ಣ ಬಿಡಿ, ನನ್ನ ಮೈಮೇಲೆ ಅಚ್ಚಾಗಿರೋ ಹೋರಿ ನಂಬರು ಬರೆದಿಟ್ಟುಕೊಳ್ಳಿ. ನನ್ನ ಮಗಳು ಬೆದೆಗೆ ಬಂದಾಗ ಅದೇ ನಂಬರಿನ ಕಡ್ಡಿ ಹಾಕಿಸಬೇಡಿ. ಕೆಂಪು ಅಡಗಿ ಕೂತ ಹಾಗೆಯೇ ಕರುವನ್ನು ಕೊಲ್ಲುವ ಕಾಯಿಲೆಗಳೂ ಅಡಗಿರುತ್ತವೆ; ಒಂದೇ ರಕ್ತ ಕೂಡಿದರೆ ಎರಡು ಚೀಟಿ ಒಟ್ಟಿಗೆ ಸೇರುವ ಸಂಭವ ಹೆಚ್ಚು. ಈಗ ಮುಚ್ಚಳ ಹಾಕಿ, ಸಾರಜನಕ ಆರಿಹೋಗ್ತಿದೆ.