ಮೂರು ಶ್ರೀಗಳ ದತ್ತ

ಹೈಸ್ಕೂಲೊಂದರ 6 ಕಂಪ್ಯೂಟರುಗಳಿಗೆ ಮರುಜೀವ ಕೊಟ್ಟೆ. ಅವರು ಚೆಕ್ ಕೊಟ್ಟರು, ಅಂಗಡಿಯ ಹೆಸರಿಗೆ. ‘ಶ್ರೀ ದತ್ತ ಕಂಪ್ಯೂಟರ್ಸ್’ ಎಂದು ಬೇರೆಯವರ ಕೈಬರಹದಲ್ಲಿ ಕಂಡದ್ದು ಅದೇ ಮೊದಲು. ಒಂದು ವಾರ ಹೆಂಡತಿಗೆ, ನೆಂಟರಿಗೆ ತೋರಿಸುತ್ತಾ ತಿರುಗಿದೆ. ಅದನ್ನು ನನ್ನ ಉಳಿತಾಯ ಖಾತೆಗೆ ಹಾಕುವಂತಿಲ್ಲ, ಅಂಗಡಿಗೇ ಒಂದು ಕರೆಂಟ್ ಅಕೌಂಟ್ ಬೇಕು ಎಂಬುದು ಗೊತ್ತಾದದ್ದು ಆಮೇಲೆ.

ಬ್ಯಾಂಕಿನ ಮೇಡಂ ಮೊದಲು ಜಿಎಸ್‌ಟಿ ಕೇಳಿದರು. ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದೆ, ಹಾಗಾಗಿ ಮಾಡಿಸಿಲ್ಲ ಎಂದೆ. ಎಷ್ಟು ಒಳಗೆ ಎಂದು ಅವರು ಕೇಳಲಿಲ್ಲ. ಆ ಉಪಕಾರ ಮರೆಯಲಾರೆ. ಹಾಗಾದರೆ ಅಂಗಡಿಯ ಹೆಸರಿರುವ ಎರಡು ದಾಖಲೆ ಕೊಡಿ ಎಂದರು. ಪುರಸಭೆಯ ಟ್ರೇಡ್ ಲೈಸೆನ್ಸ್, ಮನೆಯಲ್ಲೇ ಕೂತು ಪುಕ್ಕಟೆ ಮಾಡಿಕೊಂಡ ಉದ್ಯಮ್ ನೋಂದಣಿ, ಎರಡನ್ನೂ ಎದೆಯುಬ್ಬಿಸಿ ಮೇಜಿನ ಮೇಲಿಟ್ಟೆ. ಅರ್ಜಿಗೆ ಹೊಸ ರಬ್ಬರ್ ಸೀಲನ್ನೂ ಜೋರಾಗಿ ಒತ್ತಿದೆ.

ಮೇಡಂ ಕನ್ನಡಕ ಏರಿಸಿದರು, ಇಳಿಸಿದರು. “ಇವು ಮೂರು ಬೇರೆ ಬೇರೆ ಅಂಗಡಿ ಅಲ್ವಾ?”

ಕನ್ನಡದಲ್ಲಿ ಶ್ರೀ ಒಂದೇ ಅಕ್ಷರ. ಇಂಗ್ಲಿಷಿಗೆ ಹೋದನೋ, ಮೂರು ವೇಷ. ಲೈಸೆನ್ಸಿನವನು ಎಸ್-ಆರ್-ಐ, ಬಡಕಲು. ಉದ್ಯಮ್‌ನವನು ನಡುವೆ ಒಂದು ಎಚ್ ತುರುಕಿಕೊಂಡು ಸ್ವಲ್ಪ ಮೈ ತುಂಬಿಕೊಂಡವನು. ಸೀಲಿನವನಂತೂ ಎಚ್ ಸಾಲದೆಂದು ಹಿಂದೆ ಎರಡು ಇ ಇಳಿಬಿಟ್ಟು ಮದುವೆಗೆ ಹೊರಟವನು. ಮೂವರನ್ನೂ ಹೆತ್ತವನು ನಾನೇ, ಒಂದೊಂದು ದಿನ ಒಂದೊಂದು ಹುಮ್ಮಸ್ಸಿನಲ್ಲಿ. “ಓದಿದ್ರೆ ಎಲ್ಲಾ ಒಂದೇ ಮೇಡಂ” ಎಂದು ಮೂರನ್ನೂ ಬೆರಳಿಟ್ಟು ಗಟ್ಟಿಯಾಗಿ ಓದಿದೆ: ಶ್ರೀ! ಶ್ರೀ! ಶ್ರೀ! ಬೆಂಚಿನಲ್ಲಿ ತೂಕಡಿಸುತ್ತಿದ್ದ ಯಜಮಾನರೊಬ್ಬರು ಮಠದ ಸ್ವಾಮಿಗಳು ಬಂದರೆಂದು ದಡಕ್ಕನೆ ಎದ್ದು ಕೈಮುಗಿದರು. ನಾನಲ್ಲ ಎಂದು ಹೇಳುವಷ್ಟರಲ್ಲಿ ಅವರ ಪಕ್ಕದವರೂ ಎದ್ದಿದ್ದರು.

“ನಮಗೆ ಒಂದೇ ಸಾರ್. ಸಿಸ್ಟಮ್ ಒಪ್ಪಬೇಕಲ್ಲ?” ಎಂದರು ಮೇಡಂ. ಪಾಸ್‌ವರ್ಡಿನಲ್ಲಿ ಒಂದಕ್ಷರ ಮರೆತು ಬರುವ ಗಿರಾಕಿಗಳಿಗೆ ನಾನು ದಿನವೂ ಹೇಳುವ ಮಾತು ಅದು. ಇದೇ ರಾಗದಲ್ಲಿ.

ಸೀಲು ಬದಲಾಯಿತು, ಉದ್ಯಮ್ ತಿದ್ದಲು ಓಡಾಡಿದ್ದಾಯಿತು. ಕೊನೆಗೆ 100 ರೂಪಾಯಿಯ ಛಾಪಾ ಕಾಗದದ ಮೇಲೆ, ನೋಟರಿಯ ಮುಂದೆ, ಮೂರೂ ಶ್ರೀಗಳು ಒಬ್ಬನೇ ಎಂದು ಪ್ರಮಾಣ ಮಾಡಿದೆ. ಮೂರು ತಲೆ, ಒಂದು ಮೈ. ಅಂಗಡಿಗೆ ದತ್ತನ ಹೆಸರಿಟ್ಟದ್ದು ಸಾರ್ಥಕ.

ಆ ಛಾಪಾ ಕಾಗದ ಕೊಡಲು ಬ್ಯಾಂಕಿಗೆ ಹೋದ ದಿನ ಪಕ್ಕದ ಕೌಂಟರಿನಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. ಪಾಸ್‌ಬುಕ್ಕಿನಲ್ಲಿ ಹೆಸರಿನ ಕೊನೆಗೆ ‘ಅವ್ವ’, ಆಧಾರಿನಲ್ಲಿ ‘ಅಮ್ಮ’. ಪಿಂಚಣಿ ನಿಂತಿತ್ತು. “ಕರೆಯೋರೆಲ್ಲಾ ಹೋದ್ರು ಮಗಾ, ಹೆಂಗಾದ್ರೂ ಬರ್ಕೋ” ಎನ್ನುತ್ತಿದ್ದಳು. ಸೋಮವಾರ ಬಾ ಎಂದರು. ನನ್ನ ಛಾಪಾ ಕಾಗದವನ್ನು ಮಾತ್ರ ಆಗಲೇ ತೆಗೆದುಕೊಂಡರು.

ಖಾತೆ ತೆರೆಯಿತು. ಚೆಕ್ಕಿನ ಆಯಸ್ಸು 3 ತಿಂಗಳು. ಅದು ಮುಗಿದು 4 ದಿನವಾಗಿತ್ತು. ಹೆಡ್‌ಮಾಸ್ತರರೇ, ದಯವಿಟ್ಟು ಇನ್ನೊಂದು ಬರೆದುಕೊಡಿ. ಎಸ್-ಆರ್-ಐ ಸಾಕು, ಎಚ್ ಬೇಡ.