ಹೂವಿನ ಚಿಕ್ಕಮ್ಮ

ಮದುವೆ ಗೊತ್ತಾಯಿತು ಎಂದು ಫೋನು ಮಾಡಿದರೆ ನೆಂಟರೆಲ್ಲ ಕೇಳುವುದು ಹುಡುಗ ಎಲ್ಲಿ ಕೆಲಸದಲ್ಲಿದ್ದಾನೆ, ಛತ್ರ ಯಾವುದು, ಅಡುಗೆ ಯಾರದು ಎಂದು. ಹೂವಿನ ಚಿಕ್ಕಮ್ಮ ಕೇಳುವುದು ಒಂದೇ ಪ್ರಶ್ನೆ: "ಯಾವ ಮಾಸ?" ಮಾಘ ಎಂದಿರೋ, ಆ ಕಡೆಯಿಂದ ಉದ್ದನೆಯ ನಿಟ್ಟುಸಿರು. "ಅಯ್ಯೋ, ಚಳೀಲಿ ಮಲ್ಲಿಗೆ ಎಲ್ಲೇ ಸಿಗುತ್ತೆ? ಕಾಕಡ ಮುಡಿಸ್ತೀರಾ ಹುಡುಗಿಗೆ?" ಗುರುಬಲ, ತಾರಾಬಲ ಜೋಯಿಸರ ಪಾಲಿಗೆ. ಚಿಕ್ಕಮ್ಮನ ಪಂಚಾಂಗದಲ್ಲಿ ಇರುವುದು ಮಲ್ಲಿಗೆಬಲ ಮಾತ್ರ. ವೈಶಾಖವೆಂದರೆ ಅವರ ದನಿಯೇ ಬೇರೆ. ಶಾಸ್ತ್ರದ ಮೇಲೆ ಅವರಿಗಿರುವ ಒಂದೇ ಒಂದು ತಕರಾರು ಆಷಾಢದ್ದು. ಮದುವೆಗಳಿಲ್ಲದೆ ಹೂವಿನ ದರ ನೆಲ ಕಚ್ಚುವ ತಿಂಗಳು ಅದು. "ಹೂವು ಅಗ್ಗವಾಗಿರೋ ತಿಂಗಳೇ ನೋಡಿ ಮದುವೆ ಬೇಡ ಅಂದ್ರಲ್ಲ, ಅವರ ಮನೇಲಿ ಹೆಣ್ಣುಮಕ್ಕಳಿರಲಿಲ್ವೇನೋ!"

ಇವರು ಒಬ್ಬರಲ್ಲ. ನಿಮ್ಮ ಮನೆಯಲ್ಲಿ ಸೋದರತ್ತೆಯಾಗಿರಬಹುದು, ದೊಡ್ಡಮ್ಮನಾಗಿರಬಹುದು, ರಕ್ತಸಂಬಂಧವೇ ಇಲ್ಲದ ಪಕ್ಕದ ಮನೆಯವರೂ ಆಗಿರಬಹುದು. ಹೂವಿನ ಖಾತೆಯನ್ನು ಅವರಿಗೆ ಯಾರೂ ಕೊಟ್ಟಿರುವುದಿಲ್ಲ, ಹಾಗಾಗಿ ಯಾರೂ ಕಿತ್ತುಕೊಳ್ಳುವಂತಿಲ್ಲ. ಗುರುತು ಹಿಡಿಯುವುದು ಸುಲಭ. ಮಾಂಗಲ್ಯದ ಸರಕ್ಕೆ ನಾಲ್ಕೈದು ಪಿನ್ನು, ಕೈಚೀಲದಲ್ಲಿ ಕತ್ತರಿ, ದಾರದ ಉಂಡೆ, ನೆನೆಸಿದ ಬಾಳೆನಾರು, ಹೇರ್‌ಪಿನ್ನಿನ ಡಬ್ಬಿ. ಇಷ್ಟಾಗಿ ಅವರ ಬಾಲ್ಕನಿಯಲ್ಲಿ ತುಳಸಿ ಬಿಟ್ಟರೆ ಒಂದು ಗಿಡವಿಲ್ಲ. ಗಿಡದಲ್ಲಿರುವ ಹೂವಿನ ಗೊಡವೆ ಅವರಿಗೆ ಬೇಡ. ಕಿತ್ತು, ಕಟ್ಟಿ, ತುಂಡು ಮಾಡಿ ಯಾರಿಗೆ ಎಷ್ಟು ಎಂದು ಹಂಚುವಲ್ಲಿಂದ ಅವರ ಆಸಕ್ತಿ ಶುರು.

ಮದುವೆಯ ಹಿಂದಿನ ದಿನ ಬೆಳಗಿನ ಜಾವ ನಾಲ್ಕಕ್ಕೆ ಚಿಕ್ಕಮ್ಮ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಇರುತ್ತಾರೆ. ಮನೆ ಹತ್ತಿರ ಗಾಂಧಿಬಜಾರಿದ್ದರೂ ಅಲ್ಲಿ ಕೊಳ್ಳುವುದು ಅವರ ದೃಷ್ಟಿಯಲ್ಲಿ ಸೋಲು. 1928ರಲ್ಲಿ ಕಟ್ಟಿದ ಈ ಮಾರುಕಟ್ಟೆಗೆ ನಾಲ್ವಡಿ ಕೃಷ್ಣರಾಜರ ಹೆಸರಿದೆ, ಆದರೆ ಹೂವಿನ ಸಾಲಿನಲ್ಲಿ ಆಳುವವರು ಬೇರೆ. ಮೇಲಿನಿಂದ ನೋಡಿದರೆ ಹಳದಿ ಸೇವಂತಿಗೆಯ ಗುಡ್ಡ, ಕಿತ್ತಳೆ ಚೆಂಡುಹೂವಿನ ಗುಡ್ಡ, ಗೋಣಿಯಲ್ಲಿ ಬಿಡಿ ಗುಲಾಬಿ. ಫೋಟೋ ತೆಗೆಯಲು ಬಂದವರು ಮೇಲೆ ನಿಲ್ಲುತ್ತಾರೆ, ವ್ಯಾಪಾರಕ್ಕೆ ಬಂದವರು ಕೆಳಗೆ ಕೆಸರಿನಲ್ಲಿ. ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗೇ ಇಳಿಯುತ್ತಾರೆ. ಸೇವಂತಿಗೆಯನ್ನು ಮೂಸುವುದಿಲ್ಲ, ತಿರುಗಿಸಿ ತೊಟ್ಟು ನೋಡುತ್ತಾರೆ. ತೊಟ್ಟು ಕಂದಿದ್ದರೆ ನಿನ್ನೆಯದು. ಹಾರವನ್ನು ತಲೆಕೆಳಗು ಹಿಡಿದು ಕೊಡವುತ್ತಾರೆ, ಇರುವೆ ಬೀಳುತ್ತದೋ ಎಂದು. ಹಿಂದೊಮ್ಮೆ ನಮ್ಮ ವಂಶದ ವರನೊಬ್ಬ ಧಾರೆಯ ಹೊತ್ತಿಗೆ ಕುತ್ತಿಗೆ ತುರಿಸಿಕೊಂಡದ್ದನ್ನು ಬೀಗರು ಒಲ್ಲದ ಮದುವೆ ಎಂದು ಅರ್ಥ ಮಾಡಿಕೊಂಡಿದ್ದರಂತೆ.

ನಿಜವಾದ ಯುದ್ಧ ಇರುವುದು ಮೊಳದಲ್ಲಿ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ ಎಂದು ಎಲ್ಲರಿಗೂ ಗೊತ್ತು. ಯಾರ ಮೊಣಕೈ? ಹೂವಾಡಗಿತ್ತಿ ಅಳೆಯುವಾಗ ಹೂವಿನ ತುದಿ ಮೊಣಕೈಗಿಂತ ಎರಡು ಬೆರಳು ಈಚೆಗೇ ನಿಂತಿರುತ್ತದೆ, ಬೆರಳುಗಳು ಒಂದಿಷ್ಟು ಮಡಿಚಿಕೊಂಡಿರುತ್ತವೆ. ಇದಕ್ಕಾಗಿಯೇ ಚಿಕ್ಕಮ್ಮ ಚಿಕ್ಕಪ್ಪನನ್ನು ಕರೆದೊಯ್ಯುವುದು. ಚಿಕ್ಕಪ್ಪ ಆರಡಿ ಎರಡಂಗುಲ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಲೋಕಾಭಿರಾಮವಾಗಿ ಮಾತಾಡಬಲ್ಲವರು. ಆದರೆ ಮಾರುಕಟ್ಟೆಯಲ್ಲಿ ಅವರು ಬರೀ ಒಂದು ಕೈ. "ರೀ, ಕೈ ಕೊಡಿ" ಎಂದಾಗ ತೋಳು ಮಡಿಚಿ ಚಾಚಬೇಕು. "ನೋಡಮ್ಮ, ಇದು ಮೊಳ." "ಅದು ಮೊಳ ಅಲ್ಲ ಕಣಮ್ಮೋ, ಲೈಟ್ ಕಂಬ" ಎಂದು ಹೂವಾಡಗಿತ್ತಿ. ಮಾತಿಗೆ ಮಾತು ಬೆಳೆದು ಕೊನೆಗೆ ಇಬ್ಬರ ಮೊಳಕ್ಕೂ ನಡುವೆ ಒಂದು ರಾಜಿ ಮೊಳ ಹುಟ್ಟುತ್ತದೆ. ಮೇಲೊಂದು ತುಂಡು ಕೊಸರು. ಆ ಕೊಸರನ್ನು ಚಿಕ್ಕಮ್ಮ ಅಲ್ಲೇ ಮುಡಿದುಕೊಳ್ಳುತ್ತಾರೆ. ಗೆದ್ದವರು ಯಾರು ಎಂದು ಸಾಲಿಗೆಲ್ಲ ಗೊತ್ತಾಗಬೇಕು.

ಅವರು ಸೋತದ್ದು ಒಂದೇ ಕಡೆ, ಕರಾವಳಿಯಲ್ಲಿ. ಉಡುಪಿ ಕಡೆಯ ಸೊಸೆ ಬಂದಾಗ ಹೂವು ಅಲ್ಲಿನ ಶಂಕರಪುರದ್ದು ಎಂದು ತೀರ್ಮಾನವಾಯಿತು. ಅಲ್ಲಿ ಮೊಳದ ಮಾತೇ ಇಲ್ಲ. ಮೊಗ್ಗು ಎಣಿಸಿ ಕಟ್ಟಿದ ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಚೆಂಡಿಗೆ ಸುಮಾರು 800 ಮೊಗ್ಗು. ದರ ಅಂದಂದಿಗೆ ಅಲ್ಲೇ ಗೊತ್ತಾಗುತ್ತದೆ, ಚೌಕಾಸಿಗೆ ಎಡೆಯಿಲ್ಲ. ಚಿಕ್ಕಪ್ಪನ ಕೈಗೆ ಅಂದು ಕೆಲಸವಿರಲಿಲ್ಲ, ಸುಮ್ಮನೆ ಜೇಬಿನಲ್ಲಿತ್ತು. "ಹೂವು ಚೆನ್ನಾಗಿದೆ, ಆದರೆ ಕೊಂಡ ಹಾಗೇ ಇಲ್ಲ" ಎಂದು ಚಿಕ್ಕಮ್ಮ ದಾರಿಯುದ್ದಕ್ಕೂ ಗೊಣಗಿದರು. ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ ಎಂದು ಆ ಸೊಸೆ ಸಮಾಧಾನ ಹೇಳಲು ಹೋಗಿ, ಮೈಸೂರಿಗೆ ಮೊದಲ ಸ್ಥಾನ ಕೊಡದೆ ಪಟ್ಟಿ ಓದಿದಳೆಂದು ಇನ್ನಷ್ಟು ಕೆಟ್ಟವಳಾದಳು.

ಈಚೆಗೆ ಚಿಕ್ಕಮ್ಮನ ರಾಜ್ಯಕ್ಕೆ ಡೆಕೋರೇಟರ್ ಎಂಬ ಹುಡುಗನ ದಾಳಿಯಾಗಿದೆ. ಕೈಯಲ್ಲಿ ಟ್ಯಾಬ್, ಬಾಯಲ್ಲಿ ಥೀಮ್. ಕಳೆದ ಮದುವೆಯ ಮಾತುಕತೆಗೆ ನಾನೂ ಕೂತಿದ್ದೆ.

"ಪೇಸ್ಟಲ್ ಥೀಮ್ ಆಂಟಿ. ಬ್ಲಶ್ ಪಿಂಕ್, ಐವರಿ, ಸ್ವಲ್ಪ ಸೇಜ್ ಗ್ರೀನ್."

"ಅಂದ್ರೆ ಬಣ್ಣ ಹೋಗಿರೋದು ಅಂತ ತಾನೇ?"

ಅವನು ಮಾದರಿಗೆ ತಂದಿದ್ದ ಜರ್ಬೆರಾ ಎತ್ತಿಕೊಂಡು, ದಂಟು ಬಾಗದಿರಲೆಂದು ತೊಡಿಸಿದ್ದ ಪ್ಲಾಸ್ಟಿಕ್ ಕೊಳವೆಯನ್ನು ಚಿಕ್ಕಮ್ಮ ಎಳೆದು ನೋಡಿದರು. "ಇದಕ್ಕ್ಯಾಕಪ್ಪಾ ಸೊಂಟಕ್ಕೆ ಬೆಲ್ಟು? ಇಷ್ಟು ಎಳೆ ವಯಸ್ಸಿಗೇ?" ಆಂಥೂರಿಯಂ ಬಂತು. ಉಗುರಿನಿಂದ ಚಿವುಟಿದರು. "ಒರೆಸಿ ಇಟ್ಟರೆ ಮುಂದೆ ಮಗು ನಾಮಕರಣಕ್ಕೂ ಆಗುತ್ತೆ." ಬೇಬೀಸ್ ಬ್ರೆತ್ ಎಂಬ ಸಾಸಿವೆ ಗಾತ್ರದ ಬಿಳಿ ಹೂವಿನ ಕಟ್ಟಿಗೆ ತೀರ್ಪೇ ಇರಲಿಲ್ಲ, ಅದನ್ನು ಹೂವೆಂದು ಒಪ್ಪಲಿಲ್ಲ, ಅಷ್ಟೆ. ಮೂಸಿ ಮೂಸಿ ಪಕ್ಕಕ್ಕಿಟ್ಟು, "ಒಂದಕ್ಕೂ ವಾಸನೆ ಇಲ್ಲ. ಕಣ್ಣು ಮುಚ್ಚಿಕೊಂಡರೆ ಮದುವೇನೇ ಇಲ್ಲ ನಿಮ್ಮದು" ಎಂದರು. ಇದು ಮಾತ್ರ ನನಗೆ ನಗುವಿನ ಮಾತಾಗಿ ಕೇಳಲಿಲ್ಲ. ಈಚಿನ ಮಂಟಪಗಳ ಕೊರತೆಯನ್ನು ಇಷ್ಟು ಚುಟುಕಾಗಿ ಬೇರೆ ಯಾರೂ ಹೇಳಿದ್ದಿಲ್ಲ.

ಮದುಮಗಳು ಬಾಯಿ ಬಿಟ್ಟದ್ದು ಆಗ. ಅವಳಿಗೆ ಆರತಕ್ಷತೆಗೆ ಬೊಕೆ ಬೇಕು. ಅದೂ ಪಿಯೋನಿ ಹೂವಿನದು, ಅದೂ ಪೂರ್ತಿ ಬಿಳಿ.

ಪಿಯೋನಿ ಚಳಿದೇಶದ ಗಿಡ, ಬೆಂಗಳೂರಿನ ತೋಟದಲ್ಲಿ ಸಿಗುವಂಥದ್ದಲ್ಲ, ವಿಮಾನದಲ್ಲೇ ಬರಬೇಕು ಎಂದು ಡೆಕೋರೇಟರ್ ವಿವರಿಸಿದ. ಫೆಬ್ರುವರಿ ಬಂತೆಂದರೆ ಪ್ರೇಮಿಗಳ ದಿನಕ್ಕೆಂದು ಬೆಂಗಳೂರಿನ ಗುಲಾಬಿ ಪರದೇಶಕ್ಕೆ ವಿಮಾನ ಹತ್ತುತ್ತದೆ ಎಂದೂ ಅವನೇ ಹೆಮ್ಮೆಯಿಂದ ಹೇಳಿಬಿಟ್ಟ. "ನಮ್ಮದು ಅಲ್ಲಿಗೆ, ಅಲ್ಲೀದು ಇಲ್ಲಿಗೆ. ನಡುವೆ ವಿಮಾನದೋನು ಉದ್ಧಾರ" ಎಂದು ಚಿಕ್ಕಮ್ಮ ಪಿಯೋನಿಯ ಕಡತ ಮುಚ್ಚಿದರು. ಬಿಳಿಯ ವಿಚಾರದಲ್ಲಿ ಹುಡುಗಿ ಸುಲಭಕ್ಕೆ ಸೋಲಲಿಲ್ಲ. ಫೋನು ತೆಗೆದು, ವಿಕ್ಟೋರಿಯಾ ರಾಣಿ 1840ರಲ್ಲಿ ಬಿಳಿ ಉಡುಪು ತೊಟ್ಟು, ಕಿತ್ತಳೆಯ ಬಿಳಿ ಹೂವಿನ ದಂಡೆ ಧರಿಸಿ ಮದುವೆಯಾದ ಕಥೆ ಓದಿದಳು. ಚಿಕ್ಕಮ್ಮ ಗಮನವಿಟ್ಟು ಕೇಳಿದರು. "ಅವಳೂ ತಲೆಗೇ ಮುಡಿದಳು ತಾನೇ?" ಹುಡುಗಿ ಫೋನು ಒಳಗಿಟ್ಟಳು.

ಒಪ್ಪಂದ ಹೀಗಾಯಿತು: ಮುಹೂರ್ತಕ್ಕೆ ಮೊಗ್ಗಿನ ಜಡೆ, ಆರತಕ್ಷತೆಗೆ ಬೊಕೆ. ಬೊಕೆಯಲ್ಲಿ ಕೆಂಪು ಗುಲಾಬಿ, ನಡುನಡುವೆ ಬಿಳಿ. ಮೊಗ್ಗಿನ ಜಡೆಯ ಫೋಟೋ ಹಿಂದಿನಿಂದ ತೆಗೆಯಬೇಕೆಂದೂ, ಎದುರಿನಿಂದಾದರೆ ಬೆನ್ನ ಹಿಂದೆ ಕನ್ನಡಿ ಇಡಬೇಕೆಂದೂ ಚಿಕ್ಕಮ್ಮನ ಷರತ್ತು. ಹಿಂದಿನ ಸ್ಟುಡಿಯೋಗಳಲ್ಲಿ ಬೇಸಿಗೆ ರಜೆಯ ಹೆಣ್ಣುಮಕ್ಕಳನ್ನೆಲ್ಲ ಕೂರಿಸುತ್ತಿದ್ದದ್ದು ಹಾಗೆಯೇ. ಡ್ರೋನ್ ಹಾರಿಸುವ ಫೋಟೋಗ್ರಾಫರ್ ಕನ್ನಡಿ ಹುಡುಕಿಕೊಂಡು ಅಲೆದ.

ಬೊಕೆ ಕಟ್ಟುವ ಅಂಗಡಿಗೂ ಚಿಕ್ಕಮ್ಮ ಹೋದರು. ಅಲ್ಲಿ ಹೂವು ಚುಚ್ಚಿ ನಿಲ್ಲಿಸಲು ಹಸಿರು ಸ್ಪಂಜಿನ ಇಟ್ಟಿಗೆ ಇರುತ್ತದೆಯಲ್ಲ, 1954ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಯಾಸಿಸ್, ಅದನ್ನು ಕಂಡರೆ ಹೆಬ್ಬೆರಳು ಸುಮ್ಮನಿರುವುದಿಲ್ಲ. ನೀರಿಗೆ ಹಾಕಿದಾಗ ಅದು ತಾನಾಗಿ ನೆನೆದು ಮುಳುಗಬೇಕು. ಬಲವಂತವಾಗಿ ಅದುಮಿದರೆ ಒಳಗೆ ಗಾಳಿ ಉಳಿದು ಹೂವಿಗೆ ನೀರು ಸಿಗದೆ ಬಾಡುತ್ತದೆ. "ಒತ್ತಬೇಡಿ ಆಂಟಿ, ಒತ್ತಬೇಡಿ" ಎಂದು ಅಂಗಡಿಯ ಹುಡುಗ ಅಂಗಲಾಚಿದ. ಚಿಕ್ಕಮ್ಮ ಒತ್ತಿದರು. ಅವನು ಬೇರೆ ಇಟ್ಟಿಗೆ ತರಲು ಒಳಗೆ ಹೋದಾಗ ಕೈಚೀಲದಿಂದ ನಾಲ್ಕು ಕಡ್ಡಿ ಮರುಗ ತೆಗೆದು, ಅರ್ಧ ಸಿದ್ಧವಾಗಿದ್ದ ಬೊಕೆಯ ಗುಲಾಬಿಗಳ ನಡುವೆ ಯಾರಿಗೂ ಕಾಣದಂತೆ ಸಿಕ್ಕಿಸಿದರು. ಆರತಕ್ಷತೆಯಲ್ಲಿ ಬೊಕೆ ಘಮಘಮ ಎಂದದ್ದರ ಶ್ರೇಯಸ್ಸು ಆ ಹುಡುಗನಿಗೆ ಹೋಯಿತು. ಅವನು ಬೇಡವೆನ್ನಲಿಲ್ಲ.

ಮುಹೂರ್ತದ ದಿನ ಚಿಕ್ಕಮ್ಮ ಮಂಟಪದ ಹತ್ತಿರ ಸುಳಿಯುವುದಿಲ್ಲ. ಅವರ ಪೀಠ ಉಗ್ರಾಣದಲ್ಲಿ, ಸೌತೆಕಾಯಿ ಮೂಟೆಗೂ ತೆಂಗಿನಕಾಯಿ ಮೂಟೆಗೂ ನಡುವೆ. ಎದುರಿಗೆ ಒದ್ದೆ ಬಟ್ಟೆ ಹೊದಿಸಿದ ಬುಟ್ಟಿ, ಕೈಯಲ್ಲಿ ಕತ್ತರಿ. ಬೀಗರಿಗೆ ಗೇಣುದ್ದ, ನಮ್ಮವರಿಗೆ ನಾಲ್ಕು ಬೆರಳು, ಹುಡುಗನ ಆಫೀಸಿನವರಿಗೆ ಎರಡು ಬೆರಳು, ಹೇಗೂ ಅವರು ಮುಡಿಯದೆ ಕುರ್ಚಿಯ ಮೇಲೆ ಬಿಟ್ಟುಹೋಗುತ್ತಾರೆ. ಪ್ರತಿ ತುಂಡಿನ ತುದಿಗೂ ಬಿಚ್ಚದ ಹಾಗೆ ಒಂದು ಗಂಟು. ಯಾರಿಗೆ ಏನು ಸಲ್ಲುತ್ತದೆ ಎಂಬ ಲೆಕ್ಕ ಪೂರ್ತಿ ಅವರ ತಲೆಯಲ್ಲಿದೆ. ಯಾವುದೋ ಕಾಲದ ನಾಮಕರಣದಲ್ಲಿ ದೊಡ್ಡತ್ತೆಗೆ ಬರೀ ಕನಕಾಂಬರ ಕೊಟ್ಟು ಕಳಿಸಿದ್ದು ಇಂದಿಗೂ ಕುಟುಂಬದ ಕಡತದಲ್ಲಿ ಜೀವಂತವಾಗಿದೆ. ಕನಕಾಂಬರಕ್ಕೆ ಪರಿಮಳವಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅದೂ ಕಿಲೋಗೆ ಸಾವಿರ ದಾಟಬಹುದು, ಆದರೂ ಮಲ್ಲಿಗೆ ಜೊತೆಗಿಲ್ಲದ ಕನಕಾಂಬರ ಕೊಡುವುದೆಂದರೆ ಬೆನ್ನು ತಿರುಗಿಸಿ ನಿಂತು ಮಾತಾಡಿಸಿದಂತೆ.

ಹೂವಿನ ತಟ್ಟೆ ಹಿಡಿದ ಹುಡುಗಿ ಸಭೆಯಲ್ಲಿ ಒಬ್ಬರ ಮುಂದೆ ತಡವರಿಸಿ ನಿಂತಳು. ಗಂಡ ತೀರಿಕೊಂಡ ನಮ್ಮ ಅತ್ತೆ. ಕೊಡುವುದೋ, ದಾಟಿ ಹೋಗುವುದೋ? ಸುದ್ದಿ ಉಗ್ರಾಣಕ್ಕೆ ಮುಟ್ಟಿತು. ಚಿಕ್ಕಮ್ಮ ಎದ್ದು ಬಂದು, ಬೀಗರ ಅಳತೆಯ ಗೇಣುದ್ದದ ಮಲ್ಲಿಗೆಯನ್ನು ಅತ್ತೆಯ ತುರುಬಿಗೆ ಪಿನ್ನು ಹಾಕಿ ಮುಡಿಸಿ, "ಕಾಫಿ ಆಯ್ತಾ ಅಕ್ಕ?" ಎಂದು ಕೇಳಿ ವಾಪಸು ಹೋದರು. ಪುರೋಹಿತರು ಆ ಕಡೆ ನೋಡಿ ಈ ಕಡೆ ತಿರುಗಿಕೊಂಡರು. ಮುಂದಿನ ಪೂಜೆಗೂ ಹೂವು ಬರಬೇಕಾದದ್ದು ಇದೇ ಉಗ್ರಾಣದಿಂದ.

ಸಂಜೆ ಆರತಕ್ಷತೆ. ಬೊಕೆಯನ್ನು ಎದೆಗಾನಿಸಿಕೊಂಡು ಮದುಮಗಳು ವೇದಿಕೆ ಹತ್ತಿದಳು. ಚೆನ್ನಾಗಿಯೇ ಕಾಣುತ್ತಿದ್ದಳು, ಚಿಕ್ಕಮ್ಮನೇ ದೃಷ್ಟಿ ತೆಗೆದರು. ತೊಂದರೆ ಶುರುವಾದದ್ದು ಸಾಲು ಮುಂದೆ ಸರಿದ ಮೇಲೆ. ಬೊಕೆ ಹುಟ್ಟಿದ ದೇಶದಲ್ಲಿ ಮದುಮಗಳು ನಿಂತಿದ್ದರೆ ಸಾಕು. ಇಲ್ಲಿ ಕವರು ಇಸಕೊಳ್ಳಬೇಕು, ಕೈ ಮುಗಿಯಬೇಕು, ಹಿರಿಯರು ಬಂದರೆ ಬಗ್ಗಿ ಕಾಲಿಗೆ ನಮಸ್ಕಾರ ಮಾಡಬೇಕು. ಅದಕ್ಕೆ ಎರಡೂ ಕೈ ಬೇಕು. ಬೊಕೆಯನ್ನು ಗಂಡನ ಕೈಗೆ ಕೊಟ್ಟಳು, ಅವನೂ ಬಗ್ಗಬೇಕಾಯಿತು. ಸಿಂಹಾಸನದ ಮೇಲಿಟ್ಟಳು, ಯಾರದೋ ಮಗು ಅದರ ಮೇಲೆ ಕೂರಲು ಹೋಯಿತು. ಆಗ ವೇದಿಕೆಯ ಪಕ್ಕದಲ್ಲಿದ್ದ ಚಿಕ್ಕಮ್ಮ "ಇಲ್ಲಿ ಕೊಡೇ" ಎಂದು ಇಸಕೊಂಡರು. ಆಮೇಲೆ ಬಂದ ಅತಿಥಿಗಳೆಲ್ಲರ ಫೋಟೋದಲ್ಲೂ ವಧೂವರರ ಎಡಗಡೆಗೆ, ಹಸಿರು ಜರಿ ಸೀರೆಯಲ್ಲಿ, ಬೊಕೆ ಹಿಡಿದು ಗಂಭೀರವಾಗಿ ನಿಂತಿರುವವರು ಅವರೇ. ಆಲ್ಬಮ್ ನೋಡಿದ ಹೊಸಬರು ಮದುವೆ ಯಾರದು ಎಂದು ಒಂದು ಕ್ಷಣ ಯೋಚಿಸುತ್ತಾರೆ. ಕೊನೆಯಲ್ಲಿ ಮೈಕು ಹಿಡಿದ ಹುಡುಗಿ, ಬೊಕೆ ಹಿಂದಕ್ಕೆ ಎಸೆಯುವ ಆಟ ಇದೆ, ಮದುವೆಯಾಗದವರೆಲ್ಲ ಬನ್ನಿ ಎಂದು ಕೂಗಿದಳು. ಚಿಕ್ಕಮ್ಮ ಕೊಡಲಿಲ್ಲ. "ಎರಡು ಸಾವಿರ ಕೊಟ್ಟಿದೀವಿ, ಎಸೆಯೋಕಾ?" ಅದೇ ರಾತ್ರಿ ಆ ಗುಲಾಬಿಗಳು ಮನೆಯ ದೇವರ ಪಟಗಳಿಗೆ ಒಂದೊಂದಾಗಿ ಏರಿದವು, ಮರುಗವನ್ನು ಮಾತ್ರ ಚಿಕ್ಕಮ್ಮ ತಮ್ಮ ಜಡೆಗೆ ವಾಪಸು ತೆಗೆದುಕೊಂಡರು.

ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗೆ ಒಂದು ಮಾತು. ಬೊಕೆಯ ದುಡ್ಡನ್ನು ಡೆಕೋರೇಟರಿಗೆ ಯಾವಾಗ ಬೇಕಾದರೂ ಕೊಡಿ. ಬಿಡಿ ಹೂವಿನ ದುಡ್ಡನ್ನು ಮಾತ್ರ ಎರಡು ದಿನ ಮುಂಚೆ, ಹತ್ತು ಇಪ್ಪತ್ತರ ನೋಟುಗಳಲ್ಲಿ ಚಿಕ್ಕಮ್ಮನ ಕೈಗೆ ಕೊಡಿ. ನಾಲ್ಕು ಗಂಟೆಗೆ ಮಾರುಕಟ್ಟೆಯಲ್ಲಿ ಐನೂರಕ್ಕೆ ಚಿಲ್ಲರೆ ಸಿಗುವುದಿಲ್ಲ. ಫೋನಿನಲ್ಲಿ ದುಡ್ಡು ಹಾಕಿದರೆ ಕೊನೆಯ ಐದು ರೂಪಾಯಿ ಬಿಡಿಸಿಕೊಳ್ಳಲು ಬರುವುದಿಲ್ಲ ಎಂದು ಅವರು ಅದನ್ನು ಮುಟ್ಟುವುದೂ ಇಲ್ಲ.