ಎಲ್ಲರೂ ನೂರಕ್ಕೆ ನೂರು!

ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆ. ಎರಡನೇ ಮಹಡಿಯ ಹೊಲಿಗೆ ವಿಭಾಗದಲ್ಲಿ, ನಾಲ್ಕನೇ ಲೈನಿನ ಪಕ್ಕದ ಕಂಬಕ್ಕೆ ನೇತುಬಿದ್ದಿರುವ ಕೆಂಪು ಸಿಲಿಂಡರಿಗೆ ಈಚೆಗೆ ಸಿನಿಮಾ ನಟನ ಯೋಗ. ಕಂಪನಿಯವರು ತರಬೇತಿಯನ್ನೆಲ್ಲ ಮೊಬೈಲ್ ಆ್ಯಪಿಗೆ ತುಂಬಿದ್ದಾರೆ. ‘ಅಗ್ನಿ ಸುರಕ್ಷತೆ, ಭಾಗ ಒಂದು’ ಎಂಬ ವಿಡಿಯೋಗೆ ಈ ಅಗ್ನಿನಂದಕವೇ ಹೀರೋ ಎಂದು ಕೇಳಿ ಹೋಗಿದ್ದೆ. ಊಟದ ಬೆಲ್ ಹೊಡೆದು ಲೈನು ಖಾಲಿಯಾದ ಮೇಲೆ ಮಾತಿಗೆ ಸಿಕ್ಕಿತು.

ನಾನು: ಮೊದಲಿಗೆ ಅಭಿನಂದನೆ. ಇಡೀ ಕಾರ್ಖಾನೆ ನಿಮ್ಮ ವಿಡಿಯೋ ನೋಡಿ ಪಾಸಾಗಿದೆಯಂತೆ?

ಸಿಲಿಂಡರ್: ಬರೀ ಪಾಸಲ್ಲ ಸಾರ್, ನೂರಕ್ಕೆ ನೂರು. ನೋಟೀಸ್ ಬೋರ್ಡಿಗೆ ಹಾಕಿದ್ದಾರೆ, ಎಚ್‌ಆರ್ ಮೇಡಂ ನಗುತ್ತಿರೋ ಫೋಟೋ ಸಮೇತ. ಆದ್ರೆ ಒಂದು ತಿದ್ದುಪಡಿ. ಆ ವಿಡಿಯೋದಲ್ಲಿರೋದು ನಾನಲ್ಲ, ಫಾರಿನ್ನಿನಲ್ಲಿರೋ ನಮ್ಮ ದೂರದ ನೆಂಟ. ಅಲ್ಲಿ ಕಾರ್ಪೆಟ್ ಹಾಸಿದ ಆಫೀಸು, ಬೆಂಕಿ ಹತ್ತೋದು ಕಸದ ಬುಟ್ಟಿಗೆ, ಆರಿಸೋಕೆ ಬರೋನು ಟೈ ಕಟ್ಟಿದವನು. ನಮ್ಮಲ್ಲಿ ಬೆಂಕಿ ಬಿದ್ರೆ ಟೈ ಕಟ್ಟಿದವರು ಮೊದಲು ಪಾರ್ಕಿಂಗಿಗೆ ಓಡ್ತಾರೆ, ಕಾರು ತೆಗೆಯೋಕೆ.

ನಾನು: ಆದರೂ ಮೊಬೈಲಲ್ಲೇ ತರಬೇತಿ ಅಂದ್ರೆ ಎಷ್ಟು ಅನುಕೂಲ! ಕೆಲಸ ಮಾಡೋ ಜಾಗದಲ್ಲೇ, ಬೇಕೆಂದಾಗ...

ಸಿಲಿಂಡರ್: ಕೆಲಸ ಮಾಡೋ ಜಾಗದಲ್ಲಾ? ಫೋನನ್ನ ಗೇಟಿನ ಲಾಕರಿನಲ್ಲಿಟ್ಟು ಒಳಗೆ ಬರಬೇಕು ಸಾರ್. ಫ್ಲೋರಿಗೆ ತಂದ್ರೆ ಮೆಮೊ. ಅದಕ್ಕೇ ತರಬೇತಿ ನಡೆಯೋದು ಮನೇಲಿ. ಈ ಲೈನಿನಲ್ಲಿ ಕಾಲರ್ ಹೊಲಿಯೋ ಒಬ್ಬ ಅಕ್ಕ ಇದ್ದಾರೆ. ರಾತ್ರಿ ಮುದ್ದೆ ತಿರುವುತ್ತಾ ಫೋನನ್ನ ಸಾಸಿವೆ ಡಬ್ಬಿಗೆ ಒರಗಿಸಿ ನನ್ನ ನೆಂಟನನ್ನ ಓಡಿಸ್ತಾರೆ. ಮುಂದಕ್ಕೆ ತಳ್ಳೋಕೆ ಆಗಲ್ಲ, ಲಾಕ್ ಮಾಡಿದ್ದಾರೆ. ಡೇಟಾ ಅಕ್ಕಂದೇ, ಟೈಮೂ ಅಕ್ಕಂದೇ. ಮುಗಿದ ಮೇಲೆ ಐದು ಪ್ರಶ್ನೆ. ಅದನ್ನ ಒತ್ತೋನು ಎಂಟನೇ ಕ್ಲಾಸಿನ ಮಗ. ‘ಮೇಲಿನ ಎಲ್ಲವೂ’ ಅಂತ ಎಲ್ಲಿ ಕಂಡ್ರೂ ಕಣ್ಣುಮುಚ್ಚಿ ಒತ್ತೋದು ಅಂತ ಕಂಡುಹಿಡಿದಿದ್ದಾನೆ. ವಠಾರದಲ್ಲಿರೋ ನಮ್ಮ ಕಂಪನಿಯವರೆಲ್ಲ ಈಗ ಅವನ ಹತ್ರಾನೇ ಫೋನ್ ಕೊಡ್ತಾರೆ. ಇಲ್ಲಿ ಬೆಂಕಿ ಬಿದ್ರೆ ಫೈರ್ ಎಂಜಿನ್ ಜೊತೆಗೆ ಅವನನ್ನೂ ಸ್ಕೂಲಿಂದ ಕರೆಸಬೇಕು.

ನಾನು: ಇದು ಬರೀ ಕಾರ್ಖಾನೆಗಳ ಕತೆಯಲ್ಲವಲ್ಲ. ಮೇಷ್ಟ್ರುಗಳಿಗೆ 2017ರಿಂದಲೇ ದೀಕ್ಷಾ ಆ್ಯಪ್ ಇದೆ, ಸರ್ಕಾರಿ ನೌಕರರಿಗೆ ಐಗಾಟ್ ಕರ್ಮಯೋಗಿ ಬಂದಿದೆ.

ಸಿಲಿಂಡರ್: ಅವರ ಮನೇಲೂ ಒಬ್ಬೊಬ್ಬ ಮಗ ಇರ್ತಾನೆ ಬಿಡಿ.

ನಾನು: ಕಾನೂನು ಏನನ್ನುತ್ತೆ?

ಸಿಲಿಂಡರ್: 1948ರ ಕಾರ್ಖಾನೆ ಕಾಯ್ದೆಯ 38ನೇ ಕಲಮಿನಲ್ಲೇ ಬರೆದಿದ್ರು. ತಪ್ಪಿಸಿಕೊಳ್ಳೋ ದಾರಿ ಪ್ರತಿಯೊಬ್ಬ ಕಾರ್ಮಿಕನಿಗೂ ಗೊತ್ತಿರಬೇಕು, ಬೆಂಕಿ ಬಿದ್ದಾಗ ಏನು ಮಾಡಬೇಕು ಅಂತ ಸರಿಯಾದ ತರಬೇತಿ ಸಿಕ್ಕಿರಬೇಕು ಅಂತ. ದಾರಿ ನಮ್ಮವರಿಗೆ ಗೊತ್ತು: ಎಡಗಡೆಯ ಮೆಟ್ಟಿಲು. ಅಲ್ಲೀಗ ಪ್ಯಾಕಿಂಗ್ ರಟ್ಟಿನ ಡಬ್ಬಗಳು ತಲೆ ಮಟ್ಟಕ್ಕೆ ನಿಂತಿವೆ. ವಿಡಿಯೋದಲ್ಲಿ ಬಾಗಿಲು ಯಾವಾಗಲೂ ತೆರೆದೇ ಇರುತ್ತೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಹೋದ್ರಲ್ಲ, ಅಲ್ಲಿ ಹೊಗೆ ತಡೆಯೋಕಾಗದೆ ಮೇಲಿಂದ ಹಾರಿದವರಿದ್ರು. ಅದನ್ನ ನೆನೆಸಿಕೊಂಡ್ರೆ ನನ್ನ ಪೌಡರೂ ತಣ್ಣಗಾಗುತ್ತೆ. ಈ ವಿಷಯದಲ್ಲಿ ತಮಾಷೆ ಬೇಡ, ಮುಂದಿನ ಪ್ರಶ್ನೆ ಕೇಳಿ.

ನಾನು: ವಿಡಿಯೋ ನೋಡಿದವರಿಗೆ ನಿಮ್ಮನ್ನು ಬಳಸೋಕೆ ಬರುತ್ತೋ ಇಲ್ವೋ?

ಸಿಲಿಂಡರ್: ಮೊದಲು ಎತ್ತೋಕೆ ಬರಬೇಕಲ್ಲ. ಮೈಮೇಲೆ ಆರು ಕೆ.ಜಿ. ಅಂತ ಬರೆದಿರೋದು ಹೊಟ್ಟೆಯೊಳಗಿನ ಪೌಡರಿನ ಲೆಕ್ಕ. ಡಬ್ಬದ ತೂಕ ಬೇರೆ. ಫೋನಿನಲ್ಲಿ ನನ್ನ ತೂಕ ಎಷ್ಟು? ಫೋನಿನಷ್ಟೇ. ಇನ್ನು ಪಿನ್ನು. ಗಾಬರಿಯಾದವರು ಏನು ಮಾಡ್ತಾರೆ ಗೊತ್ತಾ? ಹಿಡಿಯನ್ನ ಗಟ್ಟಿಯಾಗಿ ಹಿಸುಕಿಕೊಂಡೇ ಪಿನ್ನು ಎಳೀತಾರೆ. ಹಿಸುಕಿದಷ್ಟೂ ಪಿನ್ನು ಕಚ್ಚಿಕೊಳ್ಳುತ್ತೆ. ಕೈ ಸಡಿಲ ಬಿಟ್ಟು, ಪಿನ್ನು ಸ್ವಲ್ಪ ತಿರುಚಿ ಎಳೆದ್ರೆ ಆ ಪ್ಲಾಸ್ಟಿಕ್ ಸೀಲ್ ಪಟ್ ಅಂತ ಕಿತ್ತುಬರುತ್ತೆ. ಅದನ್ನ ಬೆರಳು ಒಮ್ಮೆ ಕಲೀಬೇಕು. ಆಮೇಲೆ ನನ್ನ ಉಸಿರು ಇರೋದು ಹೆಚ್ಚೆಂದ್ರೆ ಇಪ್ಪತ್ತು ಸೆಕೆಂಡು. ಜ್ವಾಲೆಯ ನೆತ್ತಿಗೆ ಹೊಡೆದ್ರೆ ಪೂರ್ತಿ ದಂಡ. ಬುಡಕ್ಕೆ, ಆ ಕಡೆಯಿಂದ ಈ ಕಡೆಗೆ ಬೀಸಬೇಕು. ನಿಂತ್ಕೊಳ್ಳೋದು ಬಾಗಿಲನ್ನ ಬೆನ್ನಿಗಿಟ್ಟುಕೊಂಡು. ಬೆಂಕಿ ದೊಡ್ಡದಾದ್ರೆ ನನ್ನನ್ನ ಬಿಸಾಕಿ ಓಡಬೇಕು, ನನಗೇನೂ ಬೇಜಾರಿಲ್ಲ.

ನಾನು: ಆಡಿಟ್‌ನವರು ಬಂದಾಗ ಇದನ್ನೆಲ್ಲ ಪರೀಕ್ಷೆ ಮಾಡಲ್ವೇ?

ಸಿಲಿಂಡರ್: ಬಯರ್ ಕಡೆಯವರು ಬರ್ತಾರೆ, ಲ್ಯಾಪ್‌ಟಾಪಲ್ಲಿ ಹಸಿರು ಬಣ್ಣದ ನೂರು ಪರ್ಸೆಂಟ್ ನೋಡ್ತಾರೆ, ನನ್ನ ಜೊತೆ ಒಂದು ಫೋಟೋ ತೆಗೆಸಿಕೊಂಡು ಬಿರಿಯಾನಿಗೆ ಹೋಗ್ತಾರೆ. ಒಂದ್ಸಲ ಮಾತ್ರ ಒಬ್ಬರು ಹೆಲ್ಪರ್ ಹುಡುಗಿಯನ್ನ ಕರೆದು ‘ಇದನ್ನ ಎತ್ತಿ ಬಳಸೋದು ತೋರಿಸಮ್ಮ’ ಅಂದ್ರು. ಅವಳು ‘ಫೋನ್ ಕೊಡ್ಸಿ ಸಾರ್, ತೋರಿಸ್ತೀನಿ’ ಅಂದಳು.

ನಾನು: ಹಾಗಾದ್ರೆ ವಿಡಿಯೋನೇ ದಂಡ ಅಂತೀರಾ?

ಸಿಲಿಂಡರ್: ಅನ್ನಲ್ಲ! ಹಿಂದೆ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿ ಎರಡು ಗಂಟೆ ಭಾಷಣ ಮಾಡೋರು; ಸೀಲಿಂಗ್ ಫ್ಯಾನು ಒಂದೇ ಎಚ್ಚರ ಇರ್ತಿತ್ತು. ಅದಕ್ಕಿಂತ ವಿಡಿಯೋ ವಾಸಿ. ನಮ್ಮ ಮೆಷಿನ್ ಮೆಕ್ಯಾನಿಕ್ ಹುಡುಗನ ಕತೆ ಕೇಳಿ. ಓವರ್‌ಲಾಕ್ ಮೆಷಿನ್ನಿಗೆ ದಾರ ಪೋಣಿಸೋದು ಗೊತ್ತಲ್ಲ, ಯಾವ ಕೊಕ್ಕೆಯಿಂದ ಯಾವ ಕೊಕ್ಕೆಗೆ ಅಂತ ಹಳಬರಿಗೂ ತಲೆಕೆಡುತ್ತೆ. ಅವನು ತನ್ನ ಫೋನಿನಲ್ಲಿ, ನಮ್ಮದೇ ಮೆಷಿನ್ನಿನ ಮುಂದೆ, ಒಂದು ನಿಮಿಷದೊಳಗೆ ತೋರಿಸಿದ. ಒಂದೊಂದು ದಾರಕ್ಕೆ ಒಂದೊಂದು ಬಣ್ಣ. ವಾಟ್ಸ್ಯಾಪಲ್ಲಿ ಹಾಕಿದ. ಯಾರೂ ‘ಕಡ್ಡಾಯ’ ಅನ್ನಲಿಲ್ಲ, ಹೊಸಬರೆಲ್ಲ ನೋಡಿದ್ರು. ಎಲ್ಲಿ ಮರೆತರೋ ಅಲ್ಲಿಗೆ ನಿಲ್ಲಿಸಿ ಮತ್ತೆ ನೋಡಿದ್ರು. ಮಾರನೇ ದಿನ ಅದೇ ಮೆಷಿನ್ನಿನಲ್ಲಿ ಕೈ ಆಡಿಸಿದ್ರು. ಆದ್ರೆ ಅದು ಆ್ಯಪಿನಲ್ಲಿಲ್ಲ, ಅದಕ್ಕೇ ಎಚ್‌ಆರ್ ಲೆಕ್ಕದಲ್ಲಿ ಅಲ್ಲಿ ಯಾರೂ ಏನೂ ಕಲಿತಿಲ್ಲ.

ನಾನು: ಹೊಲದಲ್ಲಿ ಇದನ್ನೇ ಮಾಡಿದ್ದಾರೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಡಿಜಿಟಲ್ ಗ್ರೀನ್ ಅಂತ ಶುರುವಾಯಿತು. ಸುತ್ತಲಿನ ಊರಿನ ರೈತರೇ ವಿಡಿಯೋದಲ್ಲಿ ಇರ್ತಾರೆ. ತೋರಿಸುವಾಗ ಒಬ್ಬರು ಪಕ್ಕದಲ್ಲಿದ್ದು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳ್ತಾರೆ.

ಸಿಲಿಂಡರ್: ನೋಡಿ, ಗುಟ್ಟು ಇರೋದೇ ಆ ನಿಲ್ಲಿಸೋರಲ್ಲಿ. ನಮ್ಮ ಆ್ಯಪ್ ನಿಲ್ಲಿಸೋದು ಬ್ಯಾಟರಿ ಮುಗಿದಾಗ ಮಾತ್ರ. ಎಚ್‌ಆರ್ ಮೇಡಂಗೆ ನನ್ನದೊಂದು ಅರ್ಜಿ ಇದೆ. ಇದೇ ಕಂಬ, ಇದೇ ಮೆಟ್ಟಿಲು, ಅಲ್ಲಿರೋ ಡಬ್ಬ ಎಲ್ಲ ಕಾಣೋ ಹಾಗೆ ಎರಡು ನಿಮಿಷದ ವಿಡಿಯೋ ತೆಗೀಲಿ. ಕಾಲರ್ ಅಕ್ಕನೇ ಹೀರೋಯಿನ್. ಡ್ಯೂಟಿ ಟೈಮಲ್ಲೇ ತೋರಿಸಲಿ. ಆಮೇಲೆ ಹಿಂದಿನ ಅಂಗಳದಲ್ಲಿ ಹತ್ತು ಹತ್ತು ಜನ ನನ್ನನ್ನ ಎತ್ತಲಿ.

ನಾನು: ಒಪ್ಪಿದರೇ?

ಸಿಲಿಂಡರ್: ‘ಟಾರ್ಗೆಟ್ ಯಾರು ಮುಗಿಸ್ತಾರೆ?’ ಅಂದ್ರು ಪ್ರೊಡಕ್ಷನ್ ಮ್ಯಾನೇಜರ್. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ಬರುತ್ತಲ್ಲ, ಆಗ ನೋಡೋಣ ಅಂದಿದ್ದಾರೆ. ಆ ವಾರ ನನಗೆ ಧೂಳು ಒರೆಸೋದು, ಕುಂಕುಮ ಇಡೋದು ತಪ್ಪಲ್ಲ.

ನಾನು: ಕೊನೆಯದಾಗಿ, ಓದುಗರಿಗೆ ಏನಾದರೂ?

ಸಿಲಿಂಡರ್: ನಾಳೆ ಕೆಲಸಕ್ಕೆ ಹೋದಾಗ ನಿಮ್ಮಲ್ಲಿ ನಮ್ಮವರು ಎಲ್ಲಿ ನೇತುಬಿದ್ದಿದ್ದಾರೆ ಅಂತ ಹುಡುಕಿ. ಮೀಟರಿನ ಮುಳ್ಳು ಹಸಿರಲ್ಲಿದೆಯಾ ನೋಡಿ. ಒಮ್ಮೆ ಕೊಕ್ಕೆಯಿಂದ ಇಳಿಸಿ, ಬಾಗಿಲ ತನಕ ಹೊತ್ಕೊಂಡು ಹೋಗಿ, ವಾಪಸ್ ತಂದಿಡಿ. ಪಿನ್ನು ಮಾತ್ರ ಎಳೀಬೇಡಿ. ರೀಫಿಲ್ ಖರ್ಚನ್ನ ಯಾರ ಸಂಬಳದಲ್ಲಿ ಹಿಡೀತಾರೆ ಅನ್ನೋದಕ್ಕೆ ಆ್ಯಪಿನಲ್ಲಿ ಬೇರೆಯದೇ ಒಂದು ವಿಡಿಯೋ ಇದೆ, ಅದು ಮಾತ್ರ ಬಹಳ ಸ್ಪಷ್ಟವಾಗಿದೆ.